ಎಲ್ಕ್ ಶಿಕಾರಿಗೆ ಹಗುರ ರೈಫಲ್: ತೂಕ ಎಲ್ಲಿ ಇಳಿಸಬೇಕು, ಯಾವ ಕ್ಯಾಲಿಬರ್ ಹಿಡಿಯಬೇಕು

ಎಲ್ಕ್ ಟ್ಯಾಗ್ (ಒಂದು ಎಲ್ಕ್ ಹೊಡೆಯುವ ಪರವಾನಗಿ) ಕೈಗೆ ಬಂದ ಮೇಲೆ ಕಾಡುವ ಮೊದಲ ಪ್ರಶ್ನೆ ಕೋವಿಯದು. ಅಂಗಡಿಯ ಗೋಡೆಯ ಮೇಲೆ ಐದು ಪೌಂಡಿನ ಕಾರ್ಬನ್ ರೈಫಲ್, ಕೆಳಗಿನ ಕಪಾಟಿನಲ್ಲಿ .300 ವಿಂಚೆಸ್ಟರ್ ಮ್ಯಾಗ್ನಂ ಎಂಬ ಬಲವಾದ ತೋಟಾದ ಪೆಟ್ಟಿಗೆ. ಎರಡೂ ಬೇಕೆನಿಸುತ್ತದೆ. ಎರಡನ್ನೂ ಒಂದೇ ಕೋವಿಯಲ್ಲಿ ಕೊಂಡವರಲ್ಲಿ ಎಷ್ಟೋ ಮಂದಿ ಮುಂದಿನ ವರ್ಷವೇ ಅದನ್ನು ಮಾರಾಟಕ್ಕಿಡುತ್ತಾರೆ, ‘ಒಂದೇ ಪೆಟ್ಟಿಗೆ ತೋಟಾ ಹಾರಿಸಿದ್ದು’ ಎಂಬ ಮಾತಿನೊಂದಿಗೆ. ಹೆಗಲಿನಿಂದ ಇಳಿಸಿದ ತೂಕ ಒದೆತವಾಗಿ ಭುಜಕ್ಕೇ ವಾಪಸು ಬರುತ್ತದೆ. ಹಾಗಾಗಿ ರೈಫಲನ್ನು ಒಂದು ದಿನ, ಕ್ಯಾಲಿಬರನ್ನು (ಅದು ಹಾರಿಸುವ ತೋಟಾದ ಅಳತೆ) ಇನ್ನೊಂದು ದಿನ ಆರಿಸಲು ಬರುವುದಿಲ್ಲ. ಅವು ಜೋಡಿ.

ಹೆಸರಿನ ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್. ದಕ್ಷಿಣ ಭಾರತದ ಬ್ರಿಟಿಷ್ ಪ್ಲಾಂಟರುಗಳು ನಮ್ಮ ಕಡವೆಯನ್ನೂ ಎಲ್ಕ್ ಎಂದೇ ಕರೆಯುತ್ತಿದ್ದರು. ಇಲ್ಲಿ ಮಾತಾಡುತ್ತಿರುವುದು ಉತ್ತರ ಅಮೆರಿಕದ ವಾಪಿಟಿಯ ಬಗ್ಗೆ. ಕಡವೆಯ ಅಣ್ಣನಂತಿರುವ ಪ್ರಾಣಿ. ರಾಕಿ ಪರ್ವತದ ಬೆಳೆದ ಗಂಡು ಸುಮಾರು 320 ಕೆ.ಜಿ., ಹೆಣ್ಣು 225ರ ಆಸುಪಾಸು. ಭುಜದ ಮೂಳೆ ದಪ್ಪ, ಚರ್ಮ ಗಟ್ಟಿ. ಗುಂಡು ಸರಿಯಾದ ಜಾಗಕ್ಕೆ ಬೀಳದಿದ್ದರೆ ಒಂದು ಇಳಿಜಾರು ದಾಟಿ ಇನ್ನೊಂದಕ್ಕೆ ಹೋಗುವಷ್ಟು ಕಸುವು ಅದಕ್ಕಿದೆ.

ಅಳತೆಗೋಲುಗಳು

ಮೊದಲನೆಯದು ದೂರ. ಕೊಲೊರಾಡೋದ ಕತ್ತಲೆ ಸ್ಪ್ರೂಸ್ ಕಾಡಿನೊಳಗೆ 60 ಗಜಕ್ಕೆ ಈಡು ಸಿಗಬಹುದು. ಮರದ ಗೆರೆ ಮೀರಿದ ಬಯಲು ಬೋಗುಣಿಗಳಲ್ಲಿ 300–400 ಗಜ ಸಾಮಾನ್ಯ. ನೀವು ಹೋಗುವ ಜಾಗ ಯಾವುದು ಎಂಬುದಕ್ಕಿಂತ ನಿಮ್ಮ ಕೈಗೆ ಎಷ್ಟು ದೂರ ಸಾಧ್ಯ ಎಂಬುದೇ ಮುಖ್ಯ. ಬೆಂಚಿನ ಮೇಲೆ ಕೂತು ಹೊಡೆದದ್ದು ಲೆಕ್ಕಕ್ಕಿಲ್ಲ. ಬೆನ್ನಚೀಲದ ಮೇಲೆ ಕೋವಿ ಇಟ್ಟು, ಕೂತು, ಮಂಡಿಯೂರಿ, ಏದುಸಿರು ಬಿಡುತ್ತಾ ಹೊಡೆದಾಗ 8 ಅಂಗುಲದ ಪೇಪರ್ ತಟ್ಟೆಗೆ ಹತ್ತರಲ್ಲಿ ಒಂಬತ್ತು ಬೀಳುವ ದೂರವೇ ನಿಮ್ಮ ಗಡಿ. ಹೆಚ್ಚಿನವರಿಗೆ ಅದು 250 ಗಜದ ಹತ್ತಿರ ನಿಲ್ಲುತ್ತದೆ. ಕ್ಯಾಲಿಬರ್ ದೊಡ್ಡದಾದ ಮಾತ್ರಕ್ಕೆ ಆ ಗಡಿ ಮುಂದೆ ಸರಿಯುವುದಿಲ್ಲ. ಒದೆತ ಹೆಚ್ಚಾದರೆ ಹಿಂದಕ್ಕೇ ಬರಬಹುದು.

ಎರಡನೆಯದು ಸಜ್ಜಾದ ತೂಕ. ಕ್ಯಾಟಲಾಗಿನಲ್ಲಿ ಅಚ್ಚಾಗಿರುವುದು ಬರಿಯ ರೈಫಲಿನ ತೂಕ. ಅದರ ಮೇಲೆ ಸ್ಕೋಪ್ 13 ಔನ್ಸ್, ರಿಂಗ್‌ಗಳು 2 ಔನ್ಸ್, ಹೆಗಲಪಟ್ಟಿ 4, ನಾಲ್ಕು ತೋಟಾ ಇನ್ನೊಂದು 4. ಎಲ್ಲ ಸೇರಿ ಸುಮಾರು ಒಂದೂವರೆ ಪೌಂಡ್. ಐದೂವರೆ ಪೌಂಡಿನದು ಏಳಾಗುತ್ತದೆ, ಆರೂಕಾಲಿನದು ಏಳೂಮುಕ್ಕಾಲಾಗುತ್ತದೆ. ಹೋಲಿಸುವಾಗ ಯಾವಾಗಲೂ ಈ ಎರಡನೇ ಅಂಕೆಯನ್ನೇ ಹೋಲಿಸಿ.

ಮೂರನೆಯದು ಒದೆತ, ನಾಲ್ಕನೆಯದು ಗುಂಡಿನ ಜಾತಿ, ಐದನೆಯದು ತೋಟಾದ ಬೆಲೆ ಮತ್ತು ಲಭ್ಯತೆ. ಕಾನೂನು ಇವೆಲ್ಲಕ್ಕೂ ಮೊದಲು ಬರಬೇಕಾದದ್ದು. ಅದನ್ನು ಈಗಲೇ ಮುಗಿಸೋಣ.

ಕಾನೂನು, ವೀಸಾ

ಕೊಲೊರಾಡೋದಲ್ಲಿ ಎಲ್ಕ್‌ಗೆ ರೈಫಲ್ ಕನಿಷ್ಠ .24 ಕ್ಯಾಲಿಬರ್, ಅಂದರೆ 6 ಎಂಎಂ ಇರಬೇಕು. ಗುಂಡು ಪ್ರಾಣಿಗೆ ತಗುಲಿದಾಗ ಹಿಗ್ಗುವ ಜಾತಿಯದು, ತೂಕದಲ್ಲಿ 85 ಗ್ರೇನ್‌ಗೆ ಕಡಿಮೆ ಇಲ್ಲದ್ದು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರುವಂಥದ್ದು. ನಳಿಗೆ ಕನಿಷ್ಠ 16 ಅಂಗುಲ. ಈ ಲೆಕ್ಕದಲ್ಲಿ .243 ವಿಂಚೆಸ್ಟರ್ ಕೂಡ ಪಾಸಾಗುತ್ತದೆ. ಕಾನೂನು ಒಪ್ಪಿತೆಂದು ಅದು ಎಲ್ಕ್‌ಗೆ ತಕ್ಕದ್ದಾಗುವುದಿಲ್ಲ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಅಲ್ಲಿ ಲೈಸೆನ್ಸ್ ಪಡೆಯುವ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಶಿಕಾರಿಗೂ ಸೀಸದ ಗುಂಡು ನಡೆಯುವುದಿಲ್ಲ, ತಾಮ್ರದಂಥ ಸೀಸವಿಲ್ಲದ್ದೇ ಬೇಕು. ಪ್ರತಿ ರಾಜ್ಯದ ನಿಯಮವೂ ಬೇರೆ, ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. ಆ ವರ್ಷದ ಕಿರುಹೊತ್ತಿಗೆ ನೋಡಿಯೇ ಹೊರಡಿ.

ಎಚ್-1ಬಿ, ಎಫ್-1 ಮುಂತಾದ ವೀಸಾದಲ್ಲಿರುವ ಕನ್ನಡಿಗರು ಇಲ್ಲಿ ಎಡವುತ್ತಾರೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ವಲಸೆಯಲ್ಲದ ವೀಸಾದ ಮೇಲೆ ಬಂದವರು ಕೋವಿಯಾಗಲಿ ತೋಟಾವಾಗಲಿ ಹೊಂದುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ಬಳಕೆಗೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸೆನ್ಸ್ ಕೈಯಲ್ಲಿರಬೇಕು. ಕ್ರಮ ಹೀಗೆ: ಮೊದಲು ಕೋರ್ಸ್, ಆಮೇಲೆ ಲೈಸೆನ್ಸ್, ಆಮೇಲಷ್ಟೇ ಅಂಗಡಿ. ಲೈಸೆನ್ಸ್ ಅವಧಿ ಮುಗಿದ ಮರುದಿನ ಕೋವಿ ಮನೆಯ ಕಪಾಟಿನಲ್ಲಿದ್ದರೂ ಅಪರಾಧವೇ, ಆದ್ದರಿಂದ ನವೀಕರಣದ ತಾರೀಕು ಬರೆದಿಟ್ಟುಕೊಳ್ಳಿ. ಗೆಳೆಯನ ರೈಫಲನ್ನು ‘ಸುಮ್ಮನೆ ಒಂದು ಈಡು’ ಹೊಡೆದು ನೋಡುವುದಕ್ಕೂ ಇದೇ ಕಟ್ಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಸಂದೇಹ ಬಂದರೆ ವಕೀಲರನ್ನು ಕೇಳಿ, ಅಂಗಡಿಯವನ ಮಾತು ನಂಬಿ ಕೂರಬೇಡಿ.

ಕೊಡಗಿನಿಂದ ಹೋದವರಿಗೆ ಇನ್ನೊಂದು ಮಾತು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಬೆಳೆದ ಕೈಗೆ ಜೋಡುನಳಿಗೆಯ ಅಭ್ಯಾಸ ಇರಬಹುದು. 400 ಗಜಕ್ಕೆ ಸ್ಕೋಪಿನಲ್ಲಿ ಗುರಿಯಿಡುವ ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯುವ ಕೋವಿ) ಬೇರೆಯೇ ವಿದ್ಯೆ. ಹಾರಿಸುವಾಗ ಅವಸರಪಡುವುದನ್ನು ಮೊದಲು ಮರೆಯಬೇಕಾಗುತ್ತದೆ.

ಒದೆತದ ಲೆಕ್ಕ

ಸಜ್ಜಾದ ತೂಕ 7 ಪೌಂಡ್ ಎಂದಿಟ್ಟುಕೊಂಡು, ಗುಂಡಿನ ತೂಕ, ವೇಗ ಮತ್ತು ಮದ್ದಿನ ಪ್ರಮಾಣದಿಂದ ಲೆಕ್ಕ ಹಾಕಿದರೆ ಒದೆತ ಸುಮಾರು ಇಷ್ಟು ಬರುತ್ತದೆ (ಅಡಿ-ಪೌಂಡ್‌ಗಳಲ್ಲಿ):

6.5 ಕ್ರೀಡ್‌ಮೋರ್, 143 ಗ್ರೇನ್ – 14
7ಎಂಎಂ-08 ರೆಮಿಂಗ್ಟನ್, 140 ಗ್ರೇನ್ – 15
.308 ವಿಂಚೆಸ್ಟರ್, 165 ಗ್ರೇನ್ – 18
.270 ವಿಂಚೆಸ್ಟರ್, 150 ಗ್ರೇನ್ – 19
.280 ಆಕ್ಲಿ ಇಂಪ್ರೂವ್ಡ್, 160 ಗ್ರೇನ್ – 22
.30-06 ಸ್ಪ್ರಿಂಗ್‌ಫೀಲ್ಡ್, 180 ಗ್ರೇನ್ – 23
7ಎಂಎಂ ರೆಮಿಂಗ್ಟನ್ ಮ್ಯಾಗ್ನಂ, 160 ಗ್ರೇನ್ – 24
7ಎಂಎಂ ಪಿಆರ್‌ಸಿ, 175 ಗ್ರೇನ್ – 29
.300 ವಿಂಚೆಸ್ಟರ್ ಮ್ಯಾಗ್ನಂ, 180 ಗ್ರೇನ್ – 30

ಹದಿನೈದರವರೆಗೆ ಹೆಚ್ಚಿನವರು ದಿನವಿಡೀ ಹೊಡೆಯಬಲ್ಲರು. ಇಪ್ಪತ್ತು ದಾಟಿದರೆ ಬಹಳ ಮಂದಿ ತಮಗೇ ತಿಳಿಯದೆ ಅಳುಕುತ್ತಾರೆ: ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಮುಂದಕ್ಕೆ ದೂಡುತ್ತಾರೆ, ಗುಂಡು ಕೆಳಗೆ ಬೀಳುತ್ತದೆ. ಮೂವತ್ತು ಎಂದರೆ ಅಳುಕು ಗ್ಯಾರಂಟಿ ಎಂದೇ ಹಿಡಿಯಿರಿ, ಮೈಕಟ್ಟು ಎಂಥದ್ದೇ ಇರಲಿ. ಅದೇ .300ರ ಸಜ್ಜಾದ ತೂಕ ಎಂಟೂವರೆ ಪೌಂಡ್ ಆದರೆ ಒದೆತ 25ಕ್ಕೆ ಇಳಿಯುತ್ತದೆ. ಆ ಒಂದೂವರೆ ಪೌಂಡ್ ಹೊರುವುದು ವ್ಯರ್ಥವಲ್ಲ.

ಅಳುಕು ಇದೆಯೋ ಇಲ್ಲವೋ ತಿಳಿಯಲು ಸುಲಭ ಪರೀಕ್ಷೆ ಉಂಟು. ಜೊತೆಯವರು ನಿಮಗೆ ಕಾಣದಂತೆ ಮ್ಯಾಗಜೀನಿಗೆ ನಿಜ ತೋಟಾಗಳ ನಡುವೆ ಒಂದೆರಡು ಡಮ್ಮಿ ಸೇರಿಸಲಿ. ಡಮ್ಮಿ ಬಂದಾಗ ‘ಟಕ್’ ಎನ್ನುವ ಸದ್ದಿನ ಜೊತೆ ನಳಿಗೆಯ ತುದಿ ಕೆಳಗೆ ಜಗ್ಗಿದರೆ ಆ ಕ್ಯಾಲಿಬರ್ ನಿಮ್ಮನ್ನು ಆಳುತ್ತಿದೆ ಎಂದರ್ಥ.

ನಳಿಗೆಯ ತುದಿಗೆ ಮಸಲ್ ಬ್ರೇಕ್ (ಸಿಡಿದ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತೂತಿನ ಕೊಳವೆ) ಹಾಕಿದರೆ ಒದೆತ ಇಳಿಯುತ್ತದೆ, ಸದ್ದು ಏರುತ್ತದೆ. ಶಿಕಾರಿಯ ಗಡಿಬಿಡಿಯಲ್ಲಿ ಕಿವಿ ಮುಚ್ಚಿಕೊಳ್ಳಲು ಮರೆತ ಒಂದೇ ಈಡಿಗೆ ಶ್ರವಣಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಪಕ್ಕದಲ್ಲಿ ಮಲಗಿದ ಗೆಳೆಯನದ್ದೂ ಅದೇ ಗತಿ. ಸದ್ದಡಗಿಸುವ ಸಪ್ರೆಸರ್ ಉತ್ತಮ. ಫೆಡರಲ್ ತೆರಿಗೆ 200 ಡಾಲರ್ ಇದ್ದದ್ದು 2026ರ ಜನವರಿ 1ರಿಂದ ಸೊನ್ನೆಯಾಗಿದೆ, ನೋಂದಣಿ ಮತ್ತು ಅನುಮತಿ ಮಾತ್ರ ಹಾಗೆಯೇ ಇವೆ, ಎಲ್ಲ ರಾಜ್ಯಗಳೂ ಒಪ್ಪುವುದಿಲ್ಲ. ಆದರೆ ಅದು ನಳಿಗೆಯ ತುದಿಗೆ ಹಲವು ಔನ್ಸ್ ಮತ್ತು ಐದಾರು ಅಂಗುಲ ಸೇರಿಸುತ್ತದೆ. ಸಪ್ರೆಸರ್ ಹಾಕುವುದು ಖಚಿತವಿದ್ದರೆ 20 ಅಂಗುಲದ ನಳಿಗೆಯನ್ನೇ ಕೊಳ್ಳಿ.

ಕ್ಯಾಲಿಬರ್‌ಗಳು ಒಂದೊಂದಾಗಿ

ಎಲ್ಕ್‌ಗೆ 1,500 ಅಡಿ-ಪೌಂಡ್ ಬೇಕು ಎಂಬ ಹಳೆಯ ಮಾತೊಂದಿದೆ. ಅದು ವಿಜ್ಞಾನವಲ್ಲ, ರೂಢಿ. ಅದಕ್ಕಿಂತ ಉಪಯುಕ್ತವಾದದ್ದು ಗುಂಡು ಹಿಗ್ಗಲು ಬೇಕಾದ ಕನಿಷ್ಠ ವೇಗ. ಸೀಸದ ತಿರುಳಿನವಕ್ಕೆ ಸೆಕೆಂಡಿಗೆ 1,800 ಅಡಿ, ಇಡೀ ತಾಮ್ರದವಕ್ಕೆ 2,000 ಎಂದು ಇಟ್ಟುಕೊಂಡರೆ ಮೋಸವಿಲ್ಲ. ಅದಕ್ಕಿಂತ ಕೆಳಗೆ ಗುಂಡು ಅರಳದೆ ಪೆನ್ಸಿಲಿನಂತೆ ತೂರಿಹೋಗುತ್ತದೆ, ಪ್ರಾಣಿ ಗಾಯಗೊಂಡು ಕಾಡು ಸೇರುತ್ತದೆ.

.308 ವಿಂಚೆಸ್ಟರ್ (1952). ಹಗುರ ರೈಫಲಿಗೆ ಇದಕ್ಕಿಂತ ಹೊಂದುವ ತೋಟಾ ಹುಡುಕುವುದು ಕಷ್ಟ. ಗಿಡ್ಡ ಆಕ್ಷನ್ (ಬೋಲ್ಟ್ ಹಿಂದೆ-ಮುಂದೆ ಓಡುವ ಭಾಗ), 20–22 ಅಂಗುಲದ ನಳಿಗೆ ಸಾಕು, ಯಾವ ಊರಿನ ಅಂಗಡಿಯಲ್ಲೂ ತೋಟಾ ಸಿಗುತ್ತದೆ. 165 ಗ್ರೇನಿನ ಗುಂಡು ಸುಮಾರು 2,700 ಅಡಿ ವೇಗದಲ್ಲಿ ಹೊರಟು 300 ಗಜದಲ್ಲಿ 1,600ಕ್ಕೂ ಹೆಚ್ಚು ಅಡಿ-ಪೌಂಡ್ ಉಳಿಸಿಕೊಳ್ಳುತ್ತದೆ. 350 ಗಜ ದಾಟಿದ ಮೇಲೆ ಗುಂಡು ಬೀಳುವ ವೇಗ ಜಾಸ್ತಿ, ದೂರದ ಅಂದಾಜು ತಪ್ಪಿದರೆ ಈಡೂ ತಪ್ಪುತ್ತದೆ. ನೋಸ್ಲರ್ ಅಕ್ಯುಬಾಂಡ್ 165 ಅಥವಾ ಬಾರ್ನ್ಸ್ ಟಿಟಿಎಸ್‌ಎಕ್ಸ್ 168 ಹಾಕಿ.

7ಎಂಎಂ-08 (1980). .308ರದೇ ಚಿಪ್ಪಿನ ಕತ್ತು ಕಿರಿದು ಮಾಡಿದ್ದು. ಒದೆತ ಕಡಿಮೆ, ಕೆಲಸ ಹೆಚ್ಚುಕಡಿಮೆ ಅಷ್ಟೇ. ತೆಳು ಮೈಕಟ್ಟಿನವರಿಗೆ, ಮೊದಲ ಬಾರಿ ಹೊರಡುವ ಹದಿಹರೆಯದವರಿಗೆ ನಮ್ಮ ಮೊದಲ ಆಯ್ಕೆ ಇದೇ. ಒಂದೇ ಕೊರತೆ: ಸಣ್ಣ ಊರಿನ ಅಂಗಡಿಗಳಲ್ಲಿ ಎರಡು ಬಗೆಗಿಂತ ಹೆಚ್ಚು ತೋಟಾ ಇರುವುದು ಅಪರೂಪ.

6.5 ಕ್ರೀಡ್‌ಮೋರ್ (2007). ಇದರ ಸುತ್ತ ನಡೆಯುವ ಜಗಳಕ್ಕೆ ಕೊನೆಯಿಲ್ಲ. ಗುರಿಗೆ ಬಹಳ ಸುಲಭ, ಗಾಳಿಗೆ ಕಡಿಮೆ ಅಲ್ಲಾಡುತ್ತದೆ, ತೋಟಾ ಅಗ್ಗ. ಆದರೆ 143 ಗ್ರೇನಿನ ಗುಂಡು 380 ಗಜದ ಹೊತ್ತಿಗೆ 1,500 ಅಡಿ-ಪೌಂಡಿನ ಗೆರೆಗೆ ಬಂದಿರುತ್ತದೆ, ಗುಂಡಿನ ವ್ಯಾಸವೂ ಚಿಕ್ಕದು. ಪಕ್ಕೆ ತೋರಿಸಿ ನಿಂತ ಎಲ್ಕ್‌ಗೆ, ಪುಪ್ಪುಸಕ್ಕೆ, 300 ಗಜದ ಒಳಗೆ ಸಾಕು. ಓರೆಯಾಗಿ ನಿಂತ ಗಂಡಿನ ಭುಜದ ಮೂಳೆ ಒಡೆದು ಒಳಹೋಗಬೇಕೆಂದರೆ ಹಿಂಜರಿಯಬೇಕಾಗುತ್ತದೆ. ಒಳ್ಳೆಯ ಕೋನ ಸಿಗುವವರೆಗೆ ಕಾಯುವ ತಾಳ್ಮೆ ಇದ್ದವರು ಹಿಡಿಯಲಿ, ಗುಂಡು ಬಾಂಡೆಡ್ (ಸಿಪ್ಪೆಗೆ ತಿರುಳು ಬೆಸೆದದ್ದು) ಇಲ್ಲವೇ ತಾಮ್ರದ್ದಿರಲಿ. ಬಾರ್ನ್ಸ್‌ನ 127 ಗ್ರೇನ್ ಎಲ್‌ಆರ್‌ಎಕ್ಸ್ ಒಳ್ಳೆಯ ಜೋಡಿ.

.270 (1925) ಮತ್ತು .30-06 (1906). ಇವೆರಡನ್ನು ಹಳತೆಂದು ಮೂಗು ಮುರಿಯುವವರು ಎಲ್ಕ್ ಕ್ಯಾಂಪುಗಳನ್ನು ಹೆಚ್ಚು ನೋಡಿರಲಾರರು. .30-06 ನೂರು ವರ್ಷ ದಾಟಿದ ಮೇಲೂ ಅಳತೆಯ ಕಲ್ಲಾಗಿ ಉಳಿದಿರುವುದಕ್ಕೆ ಕಾರಣ, 180 ಗ್ರೇನಿನ ನೋಸ್ಲರ್ ಪಾರ್ಟಿಷನ್‌ನಂಥ ಗುಂಡು 2,700 ಅಡಿ ವೇಗದಲ್ಲಿ ಯಾವ ಕೋನದಿಂದಲೂ ಎಲ್ಕ್‌ನ ಒಳಗೆ ಆಳಕ್ಕೆ ಹೋಗುತ್ತದೆ, 400 ಗಜದಲ್ಲೂ 1,500ರ ಮೇಲಿರುತ್ತದೆ. ಬೆಲೆ ಎಂದರೆ ಒದೆತ: 7 ಪೌಂಡಿನಲ್ಲಿ 23, 8 ಪೌಂಡಿನಲ್ಲಿ 20. .270ಗೆ 150 ಗ್ರೇನಿನ ಗುಂಡು ಹಾಕಿದರೆ ಒದೆತ ಕೊಂಚ ಇಳಿಯುತ್ತದೆ, ಗುಂಡಿನ ದಾರಿ ಇನ್ನಷ್ಟು ನೇರ. ಸಾಂಪ್ರದಾಯಿಕ .270 ನಳಿಗೆಯ ಒಳಸುತ್ತು (ಗುಂಡನ್ನು ತಿರುಗಿಸುವ ಸುರುಳಿಗೆರೆ) 10 ಅಂಗುಲಕ್ಕೊಂದು, ಹಾಗಾಗಿ ಇತ್ತೀಚಿನ ಉದ್ದ, ಭಾರದ ಗುಂಡುಗಳು ಸ್ಥಿರವಾಗುವುದಿಲ್ಲ. 150ಕ್ಕೆ ನಿಲ್ಲಿಸಿ. ಆ ಭಾರದ ಗುಂಡುಗಳೇ ಬೇಕೆಂಬವರಿಗಾಗಿ 2021ರಲ್ಲಿ ಬಂದದ್ದು 6.8 ವೆಸ್ಟರ್ನ್. ತೋಟಾ ಸಿಗುವ ಊರುಗಳು ಮಾತ್ರ ಕಡಿಮೆ.

.280 ಆಕ್ಲಿ ಇಂಪ್ರೂವ್ಡ್ ಬಲ್ಲವರ ಮುದ್ದಿನ ತೋಟಾ. ಬೆಲ್ಟ್ ಇಲ್ಲದ ಚಿಪ್ಪು, ಮ್ಯಾಗ್ನಂ ಹತ್ತಿರದ ವೇಗ, .30-06ರಷ್ಟೇ ಒದೆತ. 5.5–6 ಪೌಂಡಿನ ಪರ್ವತ ರೈಫಲಿನಲ್ಲಿ 400 ಗಜದ ಕೆಲಸ ಮಾಡಬೇಕಾದವರಿಗೆ ಇದಕ್ಕಿಂತ ಸಮತೂಕದ್ದು ಕಾಣುವುದಿಲ್ಲ. ತೋಟಾ ದುಬಾರಿ. ವಿಮಾನದಲ್ಲಿ ತೋಟಾದ ಪೆಟ್ಟಿಗೆ ಕಳೆದರೆ ಬೆಟ್ಟದ ಬುಡದ ಊರಿನಲ್ಲಿ ಹುಡುಕಿ ಸೋಲುತ್ತೀರಿ.

ಇನ್ನು ಮ್ಯಾಗ್ನಂಗಳು. 7ಎಂಎಂ ರೆಮಿಂಗ್ಟನ್ ಮ್ಯಾಗ್ನಂ (1962) 160 ಗ್ರೇನಿನ ಗುಂಡನ್ನು 2,950 ಅಡಿ ವೇಗದಲ್ಲಿ ಬಿಡುತ್ತದೆ, 500 ಗಜದ ಹತ್ತಿರವೂ 1,500 ಅಡಿ-ಪೌಂಡ್ ಉಳಿಯುತ್ತದೆ. ಒದೆತ ಮತ್ತು ತಲುಪುವ ದೂರ ಎರಡನ್ನೂ ತೂಗಿದರೆ ಮ್ಯಾಗ್ನಂಗಳಲ್ಲಿ ಇದೇ ಸಭ್ಯಸ್ಥ. 2022ರಲ್ಲಿ ಹಾರ್ನಡಿ ತಂದ 7ಎಂಎಂ ಪಿಆರ್‌ಸಿ 175 ಗ್ರೇನಿನ ಉದ್ದ ಗುಂಡಿಗೆಂದೇ ಕಟ್ಟಿದ್ದು. ಒಳಸುತ್ತು 8 ಅಂಗುಲಕ್ಕೊಂದು, ಗಾಳಿಯಲ್ಲಿ ಅದ್ಭುತ, ಹಗುರ ರೈಫಲಿನಲ್ಲಿ ಒರಟು. .300 ವಿಂಚೆಸ್ಟರ್ ಮ್ಯಾಗ್ನಂ (1963) ಎಲ್ಕ್ ದೇಶದ ಗೈಡುಗಳಿಗೆ ಚಿರಪರಿಚಿತ. ತೋಟಾ ಎಲ್ಲೆಡೆ ಸಿಗುತ್ತದೆ, 200 ಗ್ರೇನಿನವರೆಗೆ ಗುಂಡು, ಶಕ್ತಿಗೆ ಕೊರತೆಯಿಲ್ಲ. ಆದರೆ ಈ ಮೂರರಲ್ಲಿ ಯಾವುದನ್ನೂ ಸಜ್ಜಾದ ತೂಕ ಎಂಟು ಪೌಂಡಿಗಿಂತ ಕಡಿಮೆ ಇರುವ ಕೋವಿಯಲ್ಲಿ ಕೊಳ್ಳಬೇಡಿ.

ಗುಂಡಿನ ಜಾತಿ

ಎಲ್ಕ್ ವಿಷಯದಲ್ಲಿ .308 ಹೆಚ್ಚೋ .270 ಹೆಚ್ಚೋ ಎಂಬ ಚರ್ಚೆಗಿಂತ ಗುಂಡಿನ ಆಯ್ಕೆ ನಾಲ್ಕು ಪಟ್ಟು ಮುಖ್ಯ. ಸಾಧಾರಣ ಕಪ್-ಅಂಡ್-ಕೋರ್ ಗುಂಡಿನಲ್ಲಿ ಸೀಸದ ಮೇಲೆ ತಾಮ್ರದ ಸಿಪ್ಪೆ ಮಾತ್ರ ಇರುತ್ತದೆ. ಮ್ಯಾಗ್ನಂ ವೇಗದಲ್ಲಿ 50 ಗಜಕ್ಕೆ ಭುಜದ ಮೂಳೆಗೆ ಬಡಿದರೆ ಸಿಪ್ಪೆ ಕಳಚಿ ಸೀಸ ಚೂರಾಗುತ್ತದೆ, ಮೇಲ್ಗಾಯ ದೊಡ್ಡದು, ಆಳ ಇಲ್ಲ. ಬಾಂಡೆಡ್ ಗುಂಡಿನಲ್ಲಿ ಸಿಪ್ಪೆ-ತಿರುಳು ಬೆಸೆದಿರುತ್ತವೆ. ಪಾರ್ಟಿಷನ್‌ನಲ್ಲಿ ನಡುವೆ ತಾಮ್ರದ ಗೋಡೆಯಿದ್ದು ಹಿಂಭಾಗ ಹಾಗೇ ಉಳಿಯುತ್ತದೆ. ಇಡೀ ತಾಮ್ರದ ಗುಂಡು ತೂಕ ಕಳೆದುಕೊಳ್ಳುವುದು ತೀರಾ ಕಡಿಮೆ, ಮಾಂಸದಲ್ಲಿ ಸೀಸದ ಚೂರು ಸೇರುವ ಚಿಂತೆಯಿಲ್ಲ, ಆದರೆ ದೂರಕ್ಕೆ ವೇಗ ಇಳಿದಾಗ ಅರಳಲು ಹಟ ಮಾಡುತ್ತದೆ. ಚಿಕ್ಕ ಕ್ಯಾಲಿಬರ್ ಹಿಡಿದಷ್ಟೂ ಗಟ್ಟಿ ಗುಂಡು ಹಾಕಬೇಕು. ತಾಮ್ರಕ್ಕೆ ಹೋಗುವಾಗ ಒಂದು ಮೆಟ್ಟಿಲು ಹಗುರ ಗುಂಡು ತೆಗೆದುಕೊಂಡರೆ ವೇಗ ಸಿಗುತ್ತದೆ: .270ಗೆ 130, .308ಗೆ 150ರಿಂದ 168.

ಒಂದೇ ತಯಾರಕರ ಒಂದೇ ಗುಂಡನ್ನು ನಿಮ್ಮ ರೈಫಲ್ ಇಷ್ಟಪಡದಿರಬಹುದು. ಮೂರು ಬಗೆಯ ತಲಾ ಒಂದು ಪೆಟ್ಟಿಗೆ ತಂದು ಹೊಡೆದು ನೋಡಿ, ಗೆದ್ದದ್ದರ ಐದು ಪೆಟ್ಟಿಗೆ ಒಂದೇ ಲಾಟ್ ಸಂಖ್ಯೆಯದನ್ನು ಕೊಂಡಿಡಿ.

ರೈಫಲ್: ಯಾವ ಬಜೆಟ್ಟಿಗೆ ಏನು

ಬೆಲೆಗಳು ಅಂದಾಜು, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಉಂಟು.

500–700 ಡಾಲರಿಗೆ ರೂಗರ್ ಅಮೆರಿಕನ್ ಸಿಗುತ್ತದೆ. ತೂಕ ಆರೂಕಾಲು–ಆರೂವರೆ ಪೌಂಡ್, ಗುರಿ ಒಳ್ಳೆಯದು. ಬೋಲ್ಟ್ ಎಳೆದಾಗ ಒರಟು ಅನಿಸುತ್ತದೆ, ಪ್ಲಾಸ್ಟಿಕ್ ಸ್ಟಾಕಿನ (ನಳಿಗೆಯನ್ನು ಹೊತ್ತ ಹಿಡಿ) ಮುಂಭಾಗ ಬಾಗುತ್ತದೆ. ಕಲ್ಲಿನ ಮೇಲೆ ಇಟ್ಟಾಗಲೋ ಹೆಗಲಪಟ್ಟಿ ಬಿಗಿದಾಗಲೋ ಸ್ಟಾಕ್ ನಳಿಗೆಗೆ ತಾಗಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ಒಂದು ಡಾಲರ್ ನೋಟು ಮಡಚಿ ನಳಿಗೆ-ಸ್ಟಾಕಿನ ನಡುವೆ ತೂರಿಸಿ, ಸ್ಟಾಕನ್ನು ಕೈಯಿಂದ ಒತ್ತಿ ನೋಡಿ. ನೋಟು ಸಿಕ್ಕಿಕೊಂಡರೆ ಒಳಗೋಡೆಯನ್ನು ಉಪ್ಪುಕಾಗದದಿಂದ ತೇಯಬೇಕು.

800–1,200ರಲ್ಲಿ ಟಿಕ್ಕಾ ಟಿ3ಎಕ್ಸ್ ಲೈಟ್. ಹಣಕ್ಕೆ ತಕ್ಕ ಕೋವಿ ಯಾವುದು ಎಂದು ಕೇಳಿದರೆ ಉತ್ತರ ಇದೇ. ಆರೂವರೆ ಪೌಂಡಿನ ಒಳಗೆ, ಬೆಣ್ಣೆಯಂತೆ ಜಾರುವ ಬೋಲ್ಟ್, ಮೂರು ತೋಟಾದ ಪ್ಲಾಸ್ಟಿಕ್ ಮ್ಯಾಗಜೀನ್. ಎಲ್ಲ ಕ್ಯಾಲಿಬರಿಗೂ ಒಂದೇ ಉದ್ದದ ಆಕ್ಷನ್ ಆದ್ದರಿಂದ ಇಲ್ಲಿ ಗಿಡ್ಡ ತೋಟಾ ಆರಿಸಿದರೆ ತೂಕ ಉಳಿಯುವುದಿಲ್ಲ. ಹಾಗಿರುವಾಗ .270 ಅಥವಾ .30-06 ತೆಗೆದುಕೊಂಡರೂ ನಷ್ಟವಿಲ್ಲ. ಮರದ ಸ್ಟಾಕ್, ಹಳೆಯ ಕಾಲದ ಅಂದ ಬೇಕೆಂದರೆ ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್, ಬೆಲೆ ಸ್ವಲ್ಪ ಮೇಲೆ, ತೂಕ 7 ಪೌಂಡಿನ ಹತ್ತಿರ. ವಾರವಿಡೀ ಮಳೆ-ಹಿಮದಲ್ಲಿ ನೆನೆದರೆ ಮರ ಉಬ್ಬುತ್ತದೆ ಎಂಬುದು ನೆನಪಿರಲಿ.

1,500–2,200ರಲ್ಲಿ ಸ್ಯಾವೇಜ್ 110 ಅಲ್ಟ್ರಾಲೈಟ್ ಇದೆ. ಆರು ಪೌಂಡಿನ ಆಸುಪಾಸು, ಕಾರ್ಬನ್ ಸುತ್ತಿದ ನಳಿಗೆ. ಕಿಂಬರ್ ಮೌಂಟನ್ ಅಸೆಂಟ್ ಗಿಡ್ಡ ಆಕ್ಷನ್ನಿನಲ್ಲಿ 4 ಪೌಂಡ್ 13 ಔನ್ಸ್, ಉದ್ದದ್ದರಲ್ಲಿ 5 ಪೌಂಡ್ 5 ಔನ್ಸ್. ಕಾರ್ಬನ್ ನಳಿಗೆ ಎಂದರೆ ಹಗುರ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ದಪ್ಪ ಉಕ್ಕಿನ ನಳಿಗೆಗಿಂತ ಅದು ಹಗುರ, ಆದರೆ ಕಿಂಬರಿನಂಥ ಪೆನ್ಸಿಲ್ ತೆಳುವಿನ ಉಕ್ಕಿನ ನಳಿಗೆ ಅದಕ್ಕಿಂತಲೂ ಹಗುರ. ಕಾರ್ಬನ್ ಕೊಡುವುದು ಬಿಗಿ.

2,800 ಮೀರಿದರೆ ಸೀಕಿನ್ಸ್ ಹವಾಕ್ ಎಲಿಮೆಂಟ್, ವೆದರ್ಬಿ ಬ್ಯಾಕ್‌ಕಂಟ್ರಿ ಟೈಟೇನಿಯಂ. ಐದರಿಂದ ಐದೂವರೆ ಪೌಂಡ್, ಕೈಗೆ ಹಿಡಿದರೆ ಇಡಲು ಮನಸ್ಸಾಗುವುದಿಲ್ಲ. ಟಿಕ್ಕಾಗೂ ಇದಕ್ಕೂ ಇರುವ ತೂಕದ ಅಂತರ ಒಂದು ಪೌಂಡ್. ಅಷ್ಟನ್ನು ಸ್ಕೋಪಿನಲ್ಲೇ ಉಳಿಸಬಹುದು.

ತೂಕ ಇಳಿಸಲು ಅಗ್ಗದ ಜಾಗ

5-25×56ರಂಥ ಗುರಿಸ್ಪರ್ಧೆಯ ಸ್ಕೋಪ್ 30 ಔನ್ಸ್ ದಾಟುತ್ತದೆ, ಉಕ್ಕಿನ ಪಟ್ಟಿ-ರಿಂಗ್‌ಗಳು ಇನ್ನು ಏಳೆಂಟು. ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ 3.5-10×40 ಸುಮಾರು 13 ಔನ್ಸ್, ಟ್ಯಾಲಿಯ ಅಲ್ಯುಮಿನಿಯಂ ರಿಂಗ್‌ಗಳು ಎರಡು. ಒಂದೂಕಾಲು ಪೌಂಡಿಗಿಂತ ಹೆಚ್ಚು ಇಲ್ಲೇ ಇಳಿಯಿತು, ಅದೂ ಕೋವಿಯ ಮೇಲ್ಭಾಗದಿಂದ, ಹಿಡಿದಾಗ ಓಲಾಡುವ ಜಾಗದಿಂದ. 400 ಗಜದ ಎಲ್ಕ್‌ಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸಿದರೆ ಧಾರಾಳ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಅಂಗುಲಕ್ಕೆ ಕಡಿಮೆಯಿಲ್ಲದ ಅಂತರ ಇರುವುದನ್ನೇ ಆರಿಸಿ. ಕಡಿದಾದ ಏರಿಗೆ ಗುರಿಯಿಟ್ಟಾಗ ತಲೆ ಮುಂದಕ್ಕೆ ತೆವಳುತ್ತದೆ, ಹಗುರ ಮ್ಯಾಗ್ನಂ ಹುಬ್ಬಿನ ಮೇಲೆ ಅರ್ಧಚಂದ್ರ ಬರೆದು ಕಳಿಸುತ್ತದೆ.

ರಿಂಗ್ ಸ್ಕ್ರೂಗಳನ್ನು ಟಾರ್ಕ್ ವ್ರೆಂಚಿನಿಂದ 15–18 ಅಂಗುಲ-ಪೌಂಡಿಗೆ ಬಿಗಿಯಿರಿ. ಹಗುರ ಕೋವಿಯ ಒದೆತ ಚುರುಕು, ಸಡಿಲ ಸ್ಕ್ರೂ ಇದ್ದರೆ ಇಪ್ಪತ್ತು ಈಡಿನೊಳಗೆ ಸ್ಕೋಪ್ ಜಾರುತ್ತದೆ, ದೋಷ ನಳಿಗೆಯ ತಲೆಗೆ ಬರುತ್ತದೆ.

ಹಗುರ ಕೋವಿ ಕೈಕೊಡುವುದು ಹೇಗೆ

ತೆಳು ನಳಿಗೆ ಬೇಗ ಕಾಯುತ್ತದೆ. ಮೂರನೇ ಈಡಿನ ನಂತರ ಗುಂಡುಗಳು ಒಂದು ದಿಕ್ಕಿಗೆ ಸಾಲಾಗಿ ನಡೆಯಲು ಶುರುವಾದರೆ ಅದು ಕೋವಿಯ ದೋಷವಲ್ಲ, ಬಿಸಿಯ ಗುಣ. ಮೂರು ಹೊಡೆದು ಹತ್ತು ನಿಮಿಷ ಬೋಲ್ಟ್ ತೆರೆದಿಡಿ. ಎಲ್ಕ್ ನೋಡುವುದು ತಣ್ಣಗಿನ ನಳಿಗೆಯ ಮೊದಲ ಗುಂಡನ್ನು. ಐದು ಬೇರೆ ಬೇರೆ ದಿನ, ಒಂದೇ ಕಾಗದಕ್ಕೆ, ದಿನಕ್ಕೊಂದು ಈಡು. ಆ ಐದು ತೂತು 200 ಗಜದಲ್ಲಿ ಅಂಗೈಯಗಲದೊಳಗೆ ಇದ್ದರೆ ಬೇರೆ ಪ್ರಮಾಣಪತ್ರ ಬೇಡ.

ಎರಡನೆಯದು ಹಿಡಿತ. ಭಾರದ ಕೋವಿ ಚೀಲದ ಮೇಲೆ ತಾನಾಗಿ ಕೂರುತ್ತದೆ. ಹಗುರದ್ದು ಟ್ರಿಗರ್ ಎಳೆಯುವ ಬಲಕ್ಕೇ ಅಲುಗುತ್ತದೆ: ಕೋವಿ ಐದೂವರೆ ಪೌಂಡ್, ಟ್ರಿಗರ್ ನಾಲ್ಕು ಪೌಂಡ್ ಇದ್ದರೆ ಇನ್ನೇನಾದೀತು. ಟ್ರಿಗರನ್ನು ಎರಡೂವರೆ–ಮೂರಕ್ಕೆ ಹೊಂದಿಸಿಕೊಳ್ಳಿ, ಅದಕ್ಕೂ ಕಡಿಮೆ ಬೇಡ, ಚಳಿಗೆ ಮರಗಟ್ಟಿದ ಬೆರಳಿಗೆ ತಿಳಿಯುವುದಿಲ್ಲ. ಎಡಗೈಯಲ್ಲಿ ಸ್ಟಾಕಿನ ಮುಂಭಾಗ ಹಿಡಿದೇ ಹೊಡೆಯಿರಿ, ಇಲ್ಲವಾದರೆ ಕೋವಿ ಮೇಲಕ್ಕೆ ಹಾರುತ್ತದೆ, ಗುಂಡು ಬಿದ್ದ ಜಾಗವೂ ಕಾಣುವುದಿಲ್ಲ.

ಮೂರನೆಯದು ಚಳಿ. ಬೋಲ್ಟಿನೊಳಗಿನ ಎಣ್ಣೆ ಮಂದವಾದರೆ ಪಿನ್ ನಿಧಾನವಾಗಿ ಬಡಿಯುತ್ತದೆ, ತೋಟಾ ಸಿಡಿಯುವುದಿಲ್ಲ. ಹೊರಡುವ ಮೊದಲು ಬೋಲ್ಟ್ ಬಿಚ್ಚಿ ಎಣ್ಣೆ ಒರೆಸಿ, ಒಣಗಿಸಿ. ನಳಿಗೆಯ ಬಾಯಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದರೆ ಹಿಮ ಒಳಹೋಗದು, ತೆಗೆಯದೆ ಹೊಡೆದರೂ ಗುರಿ ಕೆಡದು.

ಹ್ಯೂಸ್ಟನ್ನಿನಲ್ಲಿ ಗುರಿ ಹೊಂದಿಸಿ 9,000 ಅಡಿಗೆ ಹೋದವರು ಕ್ಯಾಂಪಿನಲ್ಲಿ ಮತ್ತೊಮ್ಮೆ ನೋಡಲೇಬೇಕು. ತೆಳು ಗಾಳಿಯಿಂದ 300 ಗಜದಲ್ಲಿ ಆಗುವ ವ್ಯತ್ಯಾಸ ಅಂಗುಲದೊಳಗೇ ಮುಗಿಯುತ್ತದೆ. ನಿಜವಾದ ಭಯ ವಿಮಾನದ ಸಾಮಾನು ಎತ್ತಿಹಾಕುವವರದು. ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಖಾಲಿ ಕೋವಿ, ಕೌಂಟರಿನಲ್ಲಿ ಘೋಷಣೆ, ತೋಟಾ ಅದರದೇ ಡಬ್ಬಿಯಲ್ಲಿ. ಹೆಚ್ಚಿನ ವಿಮಾನ ಸಂಸ್ಥೆಗಳು 11 ಪೌಂಡ್ ತೋಟಾದವರೆಗೆ ಬಿಡುತ್ತವೆ.

ಯಾರಿಗೆ ಯಾವುದು

ಮೊದಲ ಸಲ, ಸ್ಕೋಪ್ ಸೇರಿ 1,500 ಡಾಲರ್, 250–300 ಗಜದ ಗಡಿ: ಟಿಕ್ಕಾ, .308 ಅಥವಾ 7ಎಂಎಂ-08. ಉಳಿದ ಹಣಕ್ಕೆ ತೋಟಾ ಕೊಂಡು ಬೇಸಿಗೆಯಿಡೀ ಹೊಡೆಯಿರಿ.

ವೆಮಿನೂಚ್, ಫ್ಲ್ಯಾಟ್ ಟಾಪ್ಸ್‌ನಂಥ ಕಾಡಿನೊಳಗೆ ಚೀಲ ಹೊತ್ತು ಐದಾರು ದಿನ ನಡೆಯುವವರಿಗೆ ಮಾತ್ರ ಐದೂವರೆ ಪೌಂಡಿನ ಕೋವಿಯ ನಿಜವಾದ ಬೆಲೆ ತಿಳಿಯುವುದು. .308 ಸಾಕು, ದೂರದ ಈಡು ರೂಢಿಯಿದ್ದರೆ .280 ಆಕ್ಲಿ. ಗಂಡು ಎಲ್ಕ್ ಬಿದ್ದರೆ ಮೂಳೆ ತೆಗೆದ ಮಾಂಸವೇ 80–100 ಕೆ.ಜಿ. ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಎಷ್ಟು ಒಳಗೆ ಹೋಗುವುದೆಂದು ತೀರ್ಮಾನಿಸಿ. ಅದನ್ನು ಹೊತ್ತು ತರುವ ಐದು ಸುತ್ತಿನಲ್ಲಿ ಕೋವಿಯ ಅರ್ಧ ಪೌಂಡ್ ನೆನಪಿಗೂ ಬರುವುದಿಲ್ಲ.

ವಯೋಮಿಂಗ್, ನ್ಯೂ ಮೆಕ್ಸಿಕೋದ ಬಯಲುಗಳಲ್ಲಿ 450 ಗಜದವರೆಗೆ ಸಾಧಿಸಿದ ಕೈಯಿದ್ದರೆ 7ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಅಥವಾ ಪಿಆರ್‌ಸಿ, ಸಜ್ಜಾದ ತೂಕ ಎಂಟೂವರೆ. ಒರೆಗಾನ್, ವಾಷಿಂಗ್ಟನ್ ಕರಾವಳಿಯ ಮಳೆಕಾಡಿನಲ್ಲಿ ಇನ್ನೂ ದಪ್ಪದ ರೂಸ್‌ವೆಲ್ಟ್ ಎಲ್ಕ್, ಈಡು ನೂರು ಗಜದೊಳಗೆ. ಅಲ್ಲಿಗೆ ಸ್ಟೇನ್‌ಲೆಸ್ ನಳಿಗೆಯ .30-06, 180 ಗ್ರೇನ್. ರಸ್ತೆಬದಿಯ ರ‍್ಯಾಂಚಿನಲ್ಲಿ ಜೀಪಿನಿಂದ ಇಳಿದು ಅರ್ಧ ಮೈಲಿ ನಡೆಯುವವರು ಈ ಲೇಖನ ಮರೆತು ಮನೆಯಲ್ಲಿರುವ ಎಂಟು ಪೌಂಡಿನ ಕೋವಿಯನ್ನೇ ಒಯ್ಯಲಿ.

ಅಂಗಡಿಗೆ ಹೋಗುವಾಗ ಬೆಟ್ಟಕ್ಕೆ ತೊಡುವ ದಪ್ಪ ಜಾಕೆಟ್ ಹಾಕಿಕೊಂಡೇ ಹೋಗಿ. ಅಂಗಡಿಯವರ ಮುಂದೆ ಬೋಲ್ಟ್ ತೆರೆದು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತನ್ನಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನೊಳಗೆ ಪೂರ್ತಿ ವೃತ್ತ ಕಂಡರೆ ಸ್ಟಾಕಿನ ಉದ್ದ ನಿಮಗೆ ಸರಿ. ಅಂಚು ಕಪ್ಪಾಗಿ ಕಂಡರೆ ಸ್ಕೋಪ್ ಹಿಂದೆ-ಮುಂದೆ ಸರಿಸಿ ನೋಡಿ, ಆಗಲೂ ಕಪ್ಪೇ ಉಳಿದರೆ ಮುಂದಿನ ಕೋವಿ ಕೇಳಿ.